ಖಾಲಿ ದಿನದ ಆಜೀವ ಸದಸ್ಯೆ

ಮನೆಯಲ್ಲಿ ಅವಳಿಗೆ ಆಜೀವ ಎಂದು ಹೆಸರಿಟ್ಟವನು ಅಕ್ಕನ ಗಂಡ. ಲಿಫ್ಟು ರಿಪೇರಿ ಅವನ ಕಸುಬು. ಹಗಲೆಲ್ಲ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದೇ ಕೆಲಸವಾದ್ದರಿಂದ, ಸಂಜೆ ಮನೆಗೆ ಬಂದ ಮೇಲೆ ಯಾರನ್ನಾದರೂ ಮಾತಿನಲ್ಲಿ ಸಿಕ್ಕಿಸಿಹಾಕದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೆಂಡತಿಯನ್ನು ಕೆಣಕಿದರೆ ಊಟಕ್ಕೇ ಸಂಚಕಾರ. ಹಾಗಾಗಿ ನಾದಿನಿ ಸಿಕ್ಕಿದಳು.

ಅವನದೇ ತಪ್ಪು ಎನ್ನುವ ಹಾಗೂ ಇಲ್ಲ. ನಲವತ್ತಮೂರು ವರ್ಷದ ಹೆಂಗಸು, ಮದುವೆಯ ಗೊಡವೆಗೆ ಹೋಗದೆ ಅಕ್ಕನ ಮನೆಯ ರಸ್ತೆಬದಿಯ ಕೋಣೆಯಲ್ಲಿ ಅಚ್ಚುಕಟ್ಟಾಗಿ ಇದ್ದವಳು, ಬೀದಿ ದಾಟುವಾಗ ಎರಡೂ ಕಡೆ ಮೂರು ಮೂರು ಸಲ ನೋಡುವವಳು, ಒಂಬತ್ತು ಹವ್ಯಾಸಿ ಸಂಘಗಳಿಗೆ ಆಜೀವ ಸದಸ್ಯೆ. ಚದುರಂಗದ ಸಂಘದಲ್ಲಿ ಅವಳಿದ್ದಳು, ಕುದುರೆ ಹೇಗೆ ನಡೆಯುತ್ತದೆಂದು ಇವತ್ತಿಗೂ ಗೊತ್ತಿಲ್ಲ. ಸೈಕಲ್ ಸವಾರರ ಬಳಗದಲ್ಲಿದ್ದಳು, ಸೈಕಲ್ ಹೊಡೆಯಲು ಬರುವುದಿಲ್ಲ. ಈಜುಗಾರರ ಸಂಘದ ಕಾರ್ಡಿನಲ್ಲಿ ಅವಳ ಫೋಟೋ ಇತ್ತು. ಆ ಫೋಟೋದಲ್ಲೇ ಮುಖ ನೀರಿಗೆ ಹೆದರಿದ ಹಾಗಿತ್ತು. ಇನ್ನು ಹಕ್ಕಿ ನೋಡುವವರು, ಕಾಗದ ಮಡಿಚುವವರು, ಕುಂಡದಲ್ಲಿ ಗಿಡ ಬೆಳೆಸುವವರು, ಹಳೆಯ ನಾಣ್ಯದವರು, ಫೋಟೋ ತೆಗೆಯುವವರು, ಕೊನೆಗೆ ಮಣ್ಣಿನ ಪಾತ್ರೆ ಮಾಡುವವರು. ಒಂಬತ್ತೂ ಕಾರ್ಡುಗಳನ್ನು ಅವಳು ಕೈಚೀಲದ ಒಳಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಆ ದಪ್ಪಕ್ಕೆ ಚೀಲದ ಜಿಪ್ಪು ಪೂರ್ತಿ ಮುಚ್ಚುತ್ತಿರಲಿಲ್ಲ.

"ಆಜೀವಮ್ಮಾ, ಈ ಒಂಬತ್ತೂ ಮುಗಿಸೋಕೆ ನಿನಗೆ ಒಂದು ಜೀವ ಸಾಲಲ್ಲ. ಇನ್ನೆರಡು ಎಲ್ಲಿಂದ ತರ್ತೀಯ?" ಎನ್ನುವನು ಭಾವ.

"ನಿಮ್ಮದರಲ್ಲೇ ಒಂದು ಕೊಡಿ ಭಾವ. ನೀವೇನು ಉಪಯೋಗಿಸ್ತಾ ಇಲ್ವಲ್ಲ," ಎನ್ನುವಳು ಅವಳು. ಅಕ್ಕ ಹೊಲಿಗೆಯ ಮೆಷಿನ್ನಿನ ಮುಂದೆ ಕೂತು ದಾರ ಕಚ್ಚಿಕೊಂಡೇ ನಗುವಳು.

ಈಗ ಅವಳ ಕೆಲಸದ ಸಂಗತಿ ಹೇಳಬೇಕು. ಅದನ್ನು ಹೇಳದೆ ಹೋದರೆ ನೀವೂ ಭಾವನ ಜೊತೆ ಸೇರಿಕೊಂಡು ನಗುತ್ತೀರಿ.

ಮೂರು ಮಹಡಿಯ ದೊಡ್ಡ ಕಚೇರಿ. ಮೆಟ್ಟಿಲ ಕೆಳಗೊಂದು ಕೋಣೆ, ಅದೇ ಟಪಾಲು ವಿಭಾಗ. ಗೋಡೆಗೆ ಅರವತ್ತನಾಲ್ಕು ಗೂಡುಗಳ ಮರದ ಕಪಾಟು. ಬೆಳಿಗ್ಗೆ ಚೀಲ ಬಂದು ಬೀಳುತ್ತದೆ. ಅವಳು ಲಕೋಟೆ ಕತ್ತರಿಸಿ, ತಾರೀಖಿನ ಮೊಹರು ಒತ್ತಿ, ಸಂಖ್ಯೆ ಬರೆದು, ಗೂಡಿಗೆ ಸೇರಿಸುತ್ತಾಳೆ. ಯಾವ ವಿಭಾಗಕ್ಕೆಂದು ಬರೆಯದ ಕಾಗದವನ್ನೂ ಅಕ್ಷರ ನೋಡಿಯೇ ಸರಿಯಾದ ಗೂಡಿಗೆ ಹಾಕುತ್ತಾಳೆ. ಹದಿನಾರು ವರ್ಷದಿಂದ ಅಲ್ಲಿದ್ದಾಳೆ. ಆದರೆ ಅವಳ ಕೆಲಸದ ಕರಾರು ಮಾತ್ರ ಹನ್ನೊಂದು ತಿಂಗಳಿನದು.

ಹನ್ನೊಂದು ತಿಂಗಳು ಮುಗಿದ ಸಂಜೆ ಮೊಹರು, ಮೇಜಿನ ಬೀಗದ ಕೈ, ಕುತ್ತಿಗೆಯ ಗುರುತಿನ ಚೀಟಿ ಮೂರನ್ನೂ ಮೇಲಧಿಕಾರಿಗೆ ಒಪ್ಪಿಸಬೇಕು. ಅವರು ಅದನ್ನೊಂದು ಲಕೋಟೆಗೆ ಹಾಕಿ ಇಟ್ಟುಕೊಳ್ಳುತ್ತಾರೆ. ಮರುದಿನ ಅವಳು ಕಚೇರಿಗೆ ಬರುವಂತಿಲ್ಲ. ಅದರ ಮರುದಿನ ಬಂದು ಹೊಸ ಕರಾರಿಗೆ ಸಹಿ ಹಾಕಿದರೆ ಅದೇ ಲಕೋಟೆ, ಅದೇ ಮೊಹರು, ಅದೇ ಕುರ್ಚಿ. ನಡುವೆ ಒಂದು ದಿನ ಕೆಲಸ ಬಿಡಿಸದಿದ್ದರೆ ಅವಳನ್ನು ಕಾಯಂ ಮಾಡಬೇಕಾಗುತ್ತದೆ. ಅಂಥ ಅನಾಹುತ ಆಗದಿರಲೆಂದು ಕಚೇರಿ ಹದಿನಾರು ವರ್ಷವೂ ಕಣ್ಣಲ್ಲಿ ಕಣ್ಣಿಟ್ಟು ಕಾದಿತ್ತು. ಆ ಒಂದು ದಿನವನ್ನು ಅವಳು ಖಾಲಿ ದಿನ ಎನ್ನುತ್ತಿದ್ದಳು. ಮತ್ತೆ ಕರೆಯುತ್ತೇವೆ ಎಂದು ಯಾರೂ ಮುಂಚಿತವಾಗಿ ಹೇಳುತ್ತಿರಲಿಲ್ಲ. ಹನ್ನೊಂದನೇ ತಿಂಗಳು ಹತ್ತಿರ ಬಂದಂತೆ ಅವಳಿಗೆ ನಿದ್ದೆ ಹಾರಿಹೋಗುತ್ತಿತ್ತು.

ಮೊದಲ ಖಾಲಿ ದಿನ ಅವಳು ಮನೆಯಲ್ಲೇ ಇದ್ದಳು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, "ಇವತ್ತು ರಜಾನಾ?" ಎಂದು ಕೇಳಿದಳು. ಹೌದು ಎನ್ನಲು ನಾಲಗೆ ಹೊರಳಲಿಲ್ಲ. ರಜೆ ಇರುವುದು ಕೆಲಸ ಇದ್ದವರಿಗೆ. ಒಳಗೆ ಹೋಗಿ ಮಡಿಚಿದ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಚಿಟ್ಟಳು.

ಎರಡನೆಯ ಖಾಲಿ ದಿನ ಮನೆಯಲ್ಲಿರಲಾಗದೆ ಪೇಟೆ ಬೀದಿ ಸುತ್ತುತ್ತಿದ್ದಾಗ, ಔಷಧಿ ಅಂಗಡಿಯ ಮೇಲೆ ಚದುರಂಗ ಸಂಘದ ಹಲಗೆ ಕಂಡಿತು. ಆಜೀವ ಸದಸ್ಯರಾಗಿರಿ ಎಂದು ಬರೆದಿತ್ತು. ಆ ಪದವನ್ನು ಅವಳು ನಿಂತಲ್ಲೇ ಮೂರು ಸಲ ಓದಿದಳು. ಅವಳ ಕೆಲಸ ಹನ್ನೊಂದು ತಿಂಗಳು, ಅಕ್ಕ ಭಾವ ಇದ್ದ ಬಾಡಿಗೆ ಮನೆಯ ಕರಾರು ಹನ್ನೊಂದು ತಿಂಗಳು, ಬಸ್ಸಿನ ಪಾಸು ಒಂದು ತಿಂಗಳು. ಜೀವ ಇರುವ ತನಕ ಯಾರೂ ವಾಪಸು ಕೇಳದ ಒಂದು ಕಾಗದ ಸಿಗುತ್ತದೆ ಎಂದರೆ ಯಾರು ತಾನೆ ಮೆಟ್ಟಿಲು ಹತ್ತುವುದಿಲ್ಲ? ಮೇಲೆ ಕೂತಿದ್ದವನು ರಸೀದಿ ಬರೆದು, ಎಲ್ಲಿಯವರೆಗೆ ಎಂಬ ಜಾಗದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದ. ಆ ಗೆರೆ ನೋಡಿ ಅವಳಿಗೆ ಹೊಟ್ಟೆ ತುಂಬಿದಂತಾಯಿತು. ಆಟ ಕಲಿಯುವ ಮಾತು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಆಮೇಲೆ ಇದೊಂದು ಚಟವಾಯಿತು. ಖಾಲಿ ದಿನ ಬಂದರೆ ಒಂದು ಸಂಘ. ಸಂಘಗಳು ಸಿಗದ ವರ್ಷ ಬೇಸರದಿಂದ ಮನೆಗೆ ಬರುವಳು.

ಹೀಗೇ ಒಂಬತ್ತಾದ ಮೇಲೆ ಒಂದು ಸಂಜೆ ಭಾವ ಊಟ ಮಾಡುತ್ತಾ, ಕೆಣಕಬೇಕೆಂದೂ ಅಲ್ಲದೆ, ಸುಮ್ಮನೆ ಲೆಕ್ಕಕ್ಕೆ ಸಿಕ್ಕಿದಂತೆ ಹೇಳಿದ: "ಅಲ್ಲ ಕಣಮ್ಮ, ಹನ್ನೊಂದು ತಿಂಗಳ ಕೆಲಸಕ್ಕೆ ವರ್ಷಗಟ್ಟಲೆ ಒಂದು ದಿನ ತಪ್ಪದೆ ಹೋಗ್ತಿದ್ದೀಯ. ಜೀವಮಾನದ ಸಂಘಗಳಿಗೆ ಎಲ್ಲ ಸೇರಿಸಿದ್ರೂ ಹದಿನಾರು ದಿನ ಹೋಗಿದ್ದೀಯಾ?"

ಈ ಮಾತು ನಾಟಿತು. ಒಬ್ಬಳೇ ಕೂತು ಎಣಿಸಿದಾಗ, ಹಣ ಕಟ್ಟಿ ಸೇರಿದ ದಿನಗಳನ್ನು ಬಿಟ್ಟರೆ, ಹದಿನಾರಲ್ಲ, ಏಳು ದಿನ ಬಂತು. ಅದರಲ್ಲೂ ಎರಡು ದಿನ ಬಾಗಿಲು ಹಾಕಿತ್ತು. ಮುಂದಿನ ಭಾನುವಾರ ಅವಳು ಎಲ್ಲಕ್ಕಿಂತ ಹತ್ತಿರವಿದ್ದ, ಎರಡು ಬೀದಿಯಾಚೆಯ ಮಣ್ಣಿನ ಪಾತ್ರೆಯ ಸಂಘಕ್ಕೆ ಹೋದಳು. ಹಠಕ್ಕೆ ಹೋದವಳು ಅಲ್ಲೇ ಅಂಟಿಕೊಂಡಳು.

ಅದು ಹಳೆಯ ಗೋದಾಮಿನ ಒಂದು ಕೋಣೆ. ಮಣ್ಣು ತಿರುಗಿಸುವ ಆರು ತಿಗರಿ, ಪಾತ್ರೆ ಸುಡುವ ಒಂದು ಕರೆಂಟಿನ ಭಟ್ಟಿ, ಜೇಡಿಮಣ್ಣು ತುಂಬಿದ ಡ್ರಮ್ಮುಗಳು. ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರಮ್ಮ. ಬಾಯಿ ತೆರೆದುಕೊಂಡು ಕೂತವರ ಜೊತೆ ಮಾತಾಡಿ ಮಾತಾಡಿ, ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವ ಪದ್ಧತಿಯೇ ಆಕೆಗೆ ತಪ್ಪಿಹೋಗಿತ್ತು. ಪಕ್ಕದ ತಿಗರಿಯಲ್ಲಿ ಕೂರುತ್ತಿದ್ದವನು ಕ್ಷೌರದಂಗಡಿಯವನು. ಅವನ ಕೈಯಲ್ಲಿ ಹೂಜಿ ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಇವಳ ಲೋಟಗಳು ಮಾತ್ರ ಏನು ಮಾಡಿದರೂ ಒಂದು ಕಡೆಗೆ ವಾಲುತ್ತಿದ್ದವು.

"ಮೇಡಂ, ಇದರಲ್ಲಿ ಚಹಾ ಹಾಕಿದ್ರೆ ಕುಡಿಯೋರು ತಲೆ ವಾಲಿಸ್ಕೋಬೇಕು," ಎಂದ ಅವನು.

"ತಲೆ ವಾಲಿಸೋದು ನಿಮ್ಮ ಅಂಗಡೀಲಿ ಅಭ್ಯಾಸ ಆಗಿರುತ್ತಲ್ಲ," ಎಂದಳು ಇವಳು.

ಎರಡು ವರ್ಷ ಅವಳು ಒಂದು ಭಾನುವಾರವೂ ತಪ್ಪಿಸಲಿಲ್ಲ. ಉಗುರ ಸಂದಿಯಲ್ಲಿ ಮಣ್ಣು ಇಟ್ಟುಕೊಂಡೇ ಸೋಮವಾರ ಲಕೋಟೆ ಕತ್ತರಿಸುವಳು. ಮನೆಯ ಕಪಾಟು ವಾಲಿದ ಲೋಟಗಳಿಂದ ತುಂಬಿತು. ಸುಖವಾಗಿದ್ದಳು ಎಂದು ನೇರವಾಗಿಯೇ ಹೇಳಿಬಿಡಬಹುದು.

ಅಷ್ಟರಲ್ಲಿ ಡಾಕ್ಟರಮ್ಮ ಒಂದು ಭಾನುವಾರ ಅವಳನ್ನು ಡ್ರಮ್ಮಿನ ಪಕ್ಕಕ್ಕೆ ಕರೆದರು. ವಿಷಯ ಇದು. ಸಂಘ ಶುರುವಾದಾಗ ಭಟ್ಟಿ ಕೊಳ್ಳುವ ಆತುರದಲ್ಲಿ ಹಿರಿಯರು ಸಿಕ್ಕಿದವರನ್ನೆಲ್ಲ ಆಜೀವ ಸದಸ್ಯರನ್ನಾಗಿ ಮಾಡಿಕೊಂಡಿದ್ದರು. ಮೂವತ್ತೊಂದು ಜನ. ಭಟ್ಟಿಯೇನೋ ಬಂತು. ಆದರೆ ಅದರ ಕರೆಂಟು, ಕೋಣೆಯ ಬಾಡಿಗೆ ತಿಂಗಳು ತಿಂಗಳೂ ಬರುತ್ತದೆ ಎಂಬುದು ಆ ಉತ್ಸಾಹದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಈಗ ವರ್ಷ ವರ್ಷ ಚಂದಾ ಕೊಡುವ ಏಳು ಜನ ಇಷ್ಟೂ ಮಂದಿಯ ಭಾರ ಹೊತ್ತು ಸುಸ್ತಾಗಿದ್ದರು. ತಿಂಗಳ ಕೊನೆಗೆ ಬಾಗಿಲು ಹಾಕುತ್ತೇವೆ, ಇಲ್ಲವೇ ಎಲ್ಲರೂ ವರ್ಷದ ಸದಸ್ಯರಾಗಲಿ ಎಂದು ಪಟ್ಟು ಹಿಡಿದಿದ್ದರು.

"ನಿಯಮ ಬರೆದೋರು ಯಾರೋ ವಕೀಲರಂತೆ. ಆಜೀವ ಸದಸ್ಯತ್ವವನ್ನ ಸಂಘ ತೆಗೆಯೋ ಹಾಗಿಲ್ಲ, ಸದಸ್ಯರೇ ಸ್ವಂತ ಕೈಬರಹದಲ್ಲಿ ಬಿಟ್ಟುಕೊಡಬೇಕು. ಮೂವತ್ತು ಕಾಗದ ಬಂದಿದೆ. ತೀರಿಕೊಂಡೋರದ್ದನ್ನ ಅವರ ಮಗಳು ಬರೆದುಕೊಟ್ಟಳು. ಎಲ್ಲರೂ ಬಿಟ್ಟರೆ ಮಾತ್ರ ನಾವೂ ಬಿಡ್ತೀವಿ ಅಂತ ಅಷ್ಟೂ ಜನ ಬರೆದಿದ್ದಾರೆ. ಉಳಿದಿರೋದು ನೀವೊಬ್ಬರೇ. ನಿಮಗೆ ಅಭ್ಯಂತರ ಇಲ್ಲ ತಾನೆ? ಸರಿ ಹಾಗಾದ್ರೆ."

"ಡಾಕ್ಟ್ರೇ, ನಾನು ವರ್ಷದ ಚಂದಾನೂ ಕೊಡ್ತೀನಿ. ಆಜೀವ ಅನ್ನೋದೊಂದು ಹಾಗೇ ಇರಲಿ."

ಡಾಕ್ಟರಮ್ಮ ಮೊದಲ ಸಲ ಪೂರ್ತಿ ಕೇಳಿಸಿಕೊಂಡರು. "ಆಗಲ್ವಲ್ಲಮ್ಮ. ಒಬ್ಬರು ಉಳಿದ್ರೂ ಆ ಮೂವತ್ತು ಕಾಗದ ರದ್ದಿಗೆ. ಮುಂದಿನ ಗುರುವಾರ ಸಭೆ ಇದೆ, ಅಲ್ಲೀವರೆಗೆ ಯೋಚನೆ ಮಾಡಿ."

ಮುಂದಿನ ಗುರುವಾರ. ಅದೇ ಅವಳ ಹದಿನೇಳನೆಯ ಖಾಲಿ ದಿನ.

ಮನೆಯಲ್ಲಿ ಹೇಳಿದಾಗ ಅಕ್ಕ, "ಬರೆದುಕೊಟ್ಟು ಬಾರೇ ಅತ್ಲಾಗೆ. ಹೋಗೋದು ಭಾನುವಾರ ಮಣ್ಣು ಕಲಸೋಕೆ ತಾನೆ? ಯಾವ ಕಾಗದ ಆದ್ರೇನು?" ಎಂದಳು.

"ನಿನಗೆ ಗೊತ್ತಾಗಲ್ಲ ಬಿಡಕ್ಕ. ನಿನ್ನನ್ನ ಯಾರೂ ವರ್ಷಕ್ಕೊಂದ್ಸಲ ಮನೆಯಿಂದ ಒಂದು ದಿನ ಆಚೆ ನಿಲ್ಲಿಸಿ ಮತ್ತೆ ಒಳಗೆ ಕರ್ಕೊಳ್ಳಲ್ಲ." ಅವಳು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಅಲ್ಲಿ ನನ್ನನ್ನ ಯಾರೂ ತೆಗೆಯೋ ಹಾಗಿಲ್ಲ. ನಾನು ಹೋಗಿ ಕೂರೋ ಜಾಗದಲ್ಲಿ ಅಂಥದ್ದು ಅದೊಂದೇ. ಅದನ್ನ ನಾನೇ ನನ್ನ ಕೈಯಾರೆ ಬರೆದುಕೊಡಬೇಕಾ?"

ಖಾಲಿ ದಿನಕ್ಕೂ ಒಂಬತ್ತು ಕಾರ್ಡಿಗೂ ಇರುವ ನಂಟು ಅಂದು ಮೊದಲ ಸಲ ಆ ಮನೆಗೆ ತಿಳಿಯಿತು. ಮೆಷಿನ್ನು ನಿಂತಿತು. ಇಷ್ಟು ವರ್ಷ ನಗಾಡಿದ ಭಾವನಿಗೆ ನಾಚಿಕೆಯಾಯಿತು. ಆದರೆ ಅವನಿಗೆ ನಾಚಿಕೆಪಡಲು ಸರಿಯಾಗಿ ಬರುತ್ತಿರಲಿಲ್ಲ. ಎದ್ದು ಹೋಗಿ ಕೈತೊಳೆದು ಬಂದು, ಒರೆಸಿಕೊಳ್ಳುತ್ತಾ ನಿಂತ.

"ಕೊಡೋದಾದ್ರೆ ಕೊಡು, ಬೇಡ ಅನ್ನಿಸಿದ್ರೆ ಬೇಡ. ನಾನು ಏನೂ ಅನ್ನಲ್ಲ. ಆದ್ರೆ ಒಂದು ಮಾತು. ಇಪ್ಪತ್ತೈದು ವರ್ಷದಲ್ಲಿ ಜೀವಮಾನದ ಗ್ಯಾರಂಟಿ ಅಂತ ಬರೆದ ಲಿಫ್ಟು ಎಷ್ಟೋ ನೋಡಿದ್ದೀನಿ. ಅವು ನಿಂತೇ ಇರ್ತವೆ. ತಿಂಗಳು ತಿಂಗಳು ಹೋಗಿ ಎಣ್ಣೆ ಹಾಕಿ ಬರ್ತೀನಲ್ಲ, ಅವು ಓಡ್ತಾ ಇರ್ತವೆ. ನಿನ್ನ ಮಣ್ಣಿನ ಸಂಘ ಬಾಗಿಲು ಹಾಕಿದ ಮೇಲೆ ಆ ಕಾರ್ಡು ಇಟ್ಕೊಂಡು ಎಲ್ಲಿಗೆ ಹೋಗ್ತೀಯ?"

ಆಜೀವಮ್ಮಾ ಎನ್ನದೆ ಅವನು ಮಾತು ಮುಗಿಸಿದ್ದು ಅವಳಿಗೆ ಇನ್ನಷ್ಟು ಗಾಬರಿ ತಂದಿತು.

ಬುಧವಾರ ಸಂಜೆ ಮೊಹರು, ಬೀಗದ ಕೈ, ಗುರುತಿನ ಚೀಟಿ ಮೇಲಧಿಕಾರಿಯ ಮೇಜಿನ ಮೇಲಿಟ್ಟು ಬಂದಳು. ಅವರು ಎಂದಿನಂತೆ ತಲೆಯೆತ್ತದೆ ಲಕೋಟೆಗೆ ಹಾಕಿಕೊಂಡರು. ಗುರುವಾರ ಬೆಳಿಗ್ಗೆಯಿಂದ ಅವಳು ಕೈಚೀಲದ ಒಂಬತ್ತು ಕಾರ್ಡುಗಳನ್ನು ಹಾಸಿಗೆಯ ಮೇಲೆ ಹರವಿಕೊಂಡು ಕೂತಳು. ಎಂಟನ್ನು ಎಷ್ಟು ಹೊತ್ತು ನೋಡಿದರೂ ಏನೂ ಅನ್ನಿಸಲಿಲ್ಲ. ಅವುಗಳಲ್ಲಿ ಒಂದು ಸಂಘದ ಕೋಣೆಯ ಬಣ್ಣ ಕೂಡ ಅವಳಿಗೆ ನೆನಪಿರಲಿಲ್ಲ. ಒಂಬತ್ತನೆಯದನ್ನು ಕೈಗೆತ್ತಿಕೊಂಡರೆ ಮಾತ್ರ ಕ್ಷೌರದಂಗಡಿಯವನ ಮಾತು, ಒದ್ದೆ ಮಣ್ಣಿನ ವಾಸನೆ, ತನ್ನ ವಾಲಿದ ಲೋಟಗಳು. ಕಾರ್ಡು ಇಲ್ಲದಿದ್ದರೂ ಅವೆಲ್ಲ ಇರುತ್ತವೆ. ಆದರೆ ಬಾಗಿಲು ಹಾಕಿದರೆ ಒಂದೂ ಇರುವುದಿಲ್ಲ. ಇಷ್ಟು ತಿಳಿಯಲು ಮಧ್ಯಾಹ್ನವಾಯಿತು. ತಿಳಿದ ಮೇಲೂ ದುಃಖವೇನೂ ಕಡಿಮೆಯಾಗಲಿಲ್ಲ.

ಬರೆಯುವುದೆಂದ ಮೇಲೆ ಟಪಾಲಿನವಳ ಹಾಗೇ ಬರೆದಳು. ಎಡಕ್ಕೆ ಇವರಿಂದ, ಕೆಳಗೆ ಇವರಿಗೆ, ನಡುವೆ ವಿಷಯ, ಬಲಕ್ಕೆ ತಾರೀಖು. ನಾಲ್ಕು ಗಂಟೆಗೆ ಸಭೆಯಲ್ಲಿ ಎಲ್ಲರ ಮುಂದೆ ಅದನ್ನು ಡಾಕ್ಟರಮ್ಮನ ಕೈಗಿಟ್ಟು, "ಸ್ವೀಕರಿಸಿದೆವು ಅಂತ ಮೊಹರು ಹಾಕಿ ಕೊಡಿ" ಎಂದಳು.

"ಸಂಘಕ್ಕೆ ಮೊಹರು ಎಲ್ಲಿದೆಯಮ್ಮ?"

"ಮೊಹರಿಲ್ಲದ ಕಾಗದ ಬಂದ ಹಾಗಲ್ಲ ಡಾಕ್ಟ್ರೇ. ಹದಿನಾರು ವರ್ಷದಿಂದ ಮೊಹರು ಒತ್ತದೆ ನಾನು ಒಂದನ್ನೂ ತಗೊಂಡಿಲ್ಲ."

ಡಾಕ್ಟರಮ್ಮ ಚೀಲ ತಡಕಾಡಿ ತಮ್ಮ ದವಾಖಾನೆಯ ಮೊಹರನ್ನೇ ಒತ್ತಿದರು. ಹೀಗೆ ಅವಳ ಆಜೀವ ಸದಸ್ಯತ್ವ ಹಲ್ಲಿನ ಆಸ್ಪತ್ರೆಯ ಮುದ್ರೆಯೊಂದಿಗೆ ಮುಕ್ತಾಯವಾಯಿತು. ನೋವಾಯಿತೇ ಎಂದರೆ ಆಯಿತು, ಆ ಮೊಹರಿಗೆ ತಕ್ಕಷ್ಟೇ ಆಯಿತು. ವರ್ಷದ ಸದಸ್ಯರನ್ನು ಬರೆದುಕೊಳ್ಳುವುದು ಭಾನುವಾರ ಎಂದು ತಿಳಿದಾಗ ಅವಳು ಎದ್ದು ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಳು. ಕಚೇರಿಗೂ ಸೇರಿದವಳಲ್ಲ, ಈಗ ಇಲ್ಲಿಗೂ ಅಲ್ಲ. ಇಷ್ಟು ಖಾಲಿಯಾದ ದಿನವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಆ ಬೆಂಚಿನ ಮೇಲೆ ನೆಮ್ಮದಿಯಾಗಿ ಅಳಲಿಕ್ಕಾದರೂ ಸಂಘದವರು ಬಿಟ್ಟರೇ? ಭಟ್ಟಿಯಲ್ಲಿ ಅಂದು ಬೆಳಗಿನಿಂದ ಸುಡುತ್ತಿದ್ದ ಪಾತ್ರೆಗಳನ್ನು ಮರುದಿನ ಬೆಳಿಗ್ಗೆ ತೆಗೆದುಕೊಡಬೇಕಿತ್ತು. ಒಂದು ಶಾಲೆಯವರು ಪ್ರದರ್ಶನಕ್ಕೆಂದು ಒಂಬತ್ತೂವರೆಗೆ ಗಾಡಿ ತರುತ್ತಾರೆ. ಕ್ಷೌರದಂಗಡಿಯವನಿಗೆ ಬೆಳಗಿನ ಹೊತ್ತೇ ಗಿರಾಕಿ. ಉಳಿದವರ ಮನೆ ದೂರ.

"ನಿಮ್ಮ ಮನೆ ಹತ್ತಿರ ಅಲ್ವಾ? ಎಂಟು ಗಂಟೆಗೆ ಮುಚ್ಚಳ ಒಂದಿಷ್ಟು ಎತ್ತಿ ಬಿಸಿ ಹೋಗೋಕೆ ಬಿಡಿ. ಆಮೇಲೆ ಒಂದೊಂದಾಗಿ ತೆಗೀರಿ, ಅವಸರ ಮಾಡಿದ್ರೆ ಬಿರಿದುಬಿಡ್ತವೆ. ಆಗುತ್ತಲ್ವಾ? ಸರಿ," ಎಂದು ಡಾಕ್ಟರಮ್ಮ ಕೋಣೆಯ ಬೀಗದ ಕೈಯನ್ನು ಅವಳ ಮಡಿಲಿಗೆ ಹಾಕಿ ಹೊರಟೇಬಿಟ್ಟರು.

"ಡಾಕ್ಟ್ರೇ, ನಾನು ಈಗ ಸದಸ್ಯಳೇ ಅಲ್ವಲ್ಲ," ಎಂದು ಅವಳು ಕೂಗಿ ಹೇಳಿದ್ದು ಮೆಟ್ಟಿಲವರೆಗೆ ಹೋಯಿತೋ ಇಲ್ಲವೋ.

"ಅದಕ್ಕೇನಂತೆ," ಎಂದ ಕ್ಷೌರದಂಗಡಿಯವನು ಕೈ ತೊಳೆಯುತ್ತಾ. "ನನ್ನ ದೊಡ್ಡ ಹೂಜಿ ಒಳಗಿದೆ ಮೇಡಂ. ಬೇರೆ ಯಾರು ತೆಗೆದ್ರೂ ನನಗೆ ಭಯ."

ಶುಕ್ರವಾರ ಎಂಟಕ್ಕೆ ಅವಳು ಬೀಗ ತೆಗೆದಳು. ಮುಚ್ಚಳ ಎತ್ತಿದರೆ ಮುಖಕ್ಕೆ ಬಿಸಿ ಬಡಿಯಿತು. ಒಂಬತ್ತೂವರೆಗೆ ಹೊಸ ಕರಾರಿಗೆ ಸಹಿ ಹಾಕಬೇಕು. ಹದಿನಾರು ವರ್ಷದಲ್ಲಿ ಸಹಿಯ ಬೆಳಿಗ್ಗೆ ಅವಳು ಒಂಬತ್ತು ಗಂಟೆಗಿಂತ ತಡವಾಗಿ ಕಚೇರಿಯ ಬಾಗಿಲು ಮುಟ್ಟಿದ್ದೇ ಇಲ್ಲ. ಗಡಿಯಾರ ನೋಡಿದಳು, ಪಾತ್ರೆ ಮುಟ್ಟಿ ನೋಡಿದಳು, ಇನ್ನೂ ಬಿಸಿ. ಬಿಟ್ಟು ಓಡಿದರೆ ಕಚೇರಿಯ ಕೆಲಸ ಉಳಿಯುತ್ತದೆ. ಅವಸರಕ್ಕೆ ಎಳೆದರೆ ಹೂಜಿ ಒಡೆಯುತ್ತದೆ. ಅವಳು ನಿಂತಳು. ಒಂದೊಂದನ್ನೇ ತೆಗೆದು, ಬಟ್ಟೆಯಲ್ಲಿ ಸುತ್ತಿ, ಶಾಲೆಯವರ ಪೆಟ್ಟಿಗೆಗೆ ಜೋಡಿಸಿ, ಕಾದಿದ್ದ ಗಾಡಿ ಕಳಿಸಿ, ಬೀಗ ಹಾಕಿ ಹೊರಟಾಗ ಹತ್ತಾಗಲು ಐದು ನಿಮಿಷ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಳೆಯಲಿಲ್ಲ.

ಕಚೇರಿ ಮುಟ್ಟಿದಾಗ ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಲ್ಲಿ ಮೇಲಧಿಕಾರಿ ತಾವೇ ನಿಂತಿದ್ದರು. ಹಿಂದೆ ನಿನ್ನೆಯ ಚೀಲ ಮತ್ತು ಇವತ್ತಿನ ಚೀಲ ಒಂದರ ಮೇಲೊಂದು ಬಿದ್ದಿದ್ದವು. ನಿನ್ನೆ ಯಾರೋ ಗುಮಾಸ್ತ ಕೈ ಹಾಕಿ, ಲೆಕ್ಕಪತ್ರದವರ ಕಾಗದವನ್ನು ಕ್ಯಾಂಟೀನಿನ ಗೂಡಿಗೆ ಸೇರಿಸಿದ್ದ. ಮೇಲಧಿಕಾರಿಯ ಹಣೆಯಲ್ಲಿ ಬೆವರಿತ್ತು. ಕೈಯಲ್ಲಿ ಕರಾರಿನ ಕಾಗದ, ಲಕೋಟೆ, ಮುಚ್ಚಳ ತೆಗೆದ ಪೆನ್ನು.

"ಬಂದ್ರಾ? ಸದ್ಯ," ಎಂದರು ಅವರು. "ಬೇರೆಲ್ಲೋ ಸೇರ್ಕೊಂಡುಬಿಟ್ರು ಅನ್ಕೊಂಡೆ. ಎರಡು ಸಲ ಗೇಟಿನ ತನಕ ಹೋಗಿ ಬಂದೆ ಮೇಡಂ. ಪ್ರತಿ ವರ್ಷ ಈ ಎರಡು ದಿನ ನನಗೆ ಎದೆ ಡವಡವ ಅಂತಿರುತ್ತೆ. ನೀವು ಬಂದು ಸಹಿ ಹಾಕೋ ತನಕ ಕಾಫಿ ಕೂಡ ಇಳಿಯಲ್ಲ."

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಮೊದಲು ನಗು ಬಂತು, ಅದರ ಹಿಂದೆಯೇ ಸಿಟ್ಟು. ಹದಿನಾರು ವರ್ಷ ತಾನೊಬ್ಬಳೇ ನಿದ್ದೆಗೆಟ್ಟೆ ಎಂದುಕೊಂಡಿದ್ದಳು. ಈ ಪುಣ್ಯಾತ್ಮ ಒಂದು ಸಲವಾದರೂ ಬಾಯಿಬಿಟ್ಟು ಹೇಳಬಾರದಿತ್ತೇ? ಅವರು ಕಾಗದವನ್ನು ಮೇಜಿನ ಮೇಲೆ ಹರಡಿ, ಕೊನೆಯ ಪುಟ ತೆರೆದು, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಹದಿನಾರು ವರ್ಷವೂ ಅವಳು ಆ ಬೆರಳಿಟ್ಟ ಜಾಗವನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಕೂತು, ಕೊನೆಯ ಪುಟ ಮುಚ್ಚಿ ಮೊದಲ ಪುಟ ತೆಗೆದಳು.

"ಕೂತ್ಕೊಳ್ಳಿ ಸರ್. ಓದಿ ಹಾಕ್ತೀನಿ."

ಅವರು ಚೀಲದ ಮೇಲೆಯೇ ಕೂತರು. ನಾಲ್ಕು ಪುಟವಿತ್ತು. ಅವಳು ಅವಸರ ಮಾಡಲಿಲ್ಲ.